ಮತದಾರನ ಭಯಕ್ಕೆ ಇರುವ ಬೆಲೆ ಮನೆಯಾಕೆಯ ಭಯಕ್ಕೂ ಇರಲಿ

ಚುನಾವಣೆ ಘೋಷಣೆಯಾದರೆ ಸಾಕು, ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಲೈಸೆನ್ಸ್ ಬಂದೂಕುಗಳು ಠಾಣೆ ಸೇರಬೇಕು. ಮಾಲೀಕ ಬಂದೂಕು ಒಪ್ಪಿಸಿ ರಸೀದಿ ಪಡೆಯುತ್ತಾನೆ. ಚುನಾವಣೆ ಮುಗಿದ ಮೇಲೆ ಬಿಡಿಸಿಕೊಂಡು ಬರುತ್ತಾನೆ. ಮತದಾರನಿಗೆ ಭಯವಾಗಬಾರದೆಂದು ಮಾಡಿದ ಏರ್ಪಾಡು, ಒಳ್ಳೆಯದೇ. ಕುಡಿದು ಬಂದ ಗಂಡ ಅದೇ ಬಂದೂಕು ತೋರಿಸಿ ಹೆಂಡತಿಯನ್ನು ಹೆದರಿಸಿದರೆ ಮರುದಿನ ಅದು ಠಾಣೆಗೆ ಹೋಗುತ್ತದೆಯೇ?

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲ್, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಕಳಚಿ ಅಂದಿನ ಆಂಧ್ರಕ್ಕೆ ಸೇರಿದವು. ಕೃಷ್ಣೆಯ ಆಚೆ ಈಚೆ ಹೆಣ್ಣು ಕೊಟ್ಟು ತರುವ ನಂಟು ಮಾತ್ರ ಹರಿಯಲಿಲ್ಲ. ರಾಯಚೂರಿನ ಮಗಳು ಮಕ್ತಲ್‌ನ ಸೊಸೆಯಾದರೆ ಕಚೇರಿಯ ಭಾಷೆ ತೆಲುಗಾಗುತ್ತದೆ, ಬಂದೂಕಿನ ಕಾನೂನು ಬದಲಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಲೈಸೆನ್ಸ್ ಇಲ್ಲದೆ ನಾಡಬಂದೂಕು ಇಟ್ಟುಕೊಳ್ಳುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು.

ಲೈಸೆನ್ಸ್ ಕೊಡುವ ಮುನ್ನ ಠಾಣೆಯಿಂದ ವರದಿ ತರಿಸುತ್ತಾರೆ. ಮನೆಯಾಕೆಯನ್ನು ಕೇಳಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಕೆನಡಾದಲ್ಲಿ ಅರ್ಜಿಯಲ್ಲೇ ಸಂಗಾತಿಯ ಸಹಿಗೆ ಜಾಗವಿದೆ. ಸಹಿ ಇಲ್ಲದಿದ್ದರೆ ಅಧಿಕಾರಿಗಳೇ ಆಕೆಗೆ ತಿಳಿಸುತ್ತಾರೆ. ಬಂದೂಕಿನ ಹಕ್ಕನ್ನು ಸಂವಿಧಾನದಲ್ಲೇ ಬರೆದುಕೊಂಡ ಅಮೆರಿಕದಲ್ಲೂ, ಕೌಟುಂಬಿಕ ಹಿಂಸೆಯ ತಡೆಯಾಜ್ಞೆಗೆ ಒಳಗಾದವನು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನನ್ನು 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಪ್ಪಿದರು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಮನೆಗೆ ಅಪಾಯವಿಲ್ಲ ಎನ್ನಲಾಗದು. 2025ರ ಜುಲೈನಲ್ಲಿ ಗುರುಗ್ರಾಮದ ಯುವ ಟೆನಿಸ್ ಆಟಗಾರ್ತಿಯೊಬ್ಬಳು ಮನೆಯಲ್ಲೇ ಗುಂಡೇಟಿಗೆ ಬಲಿಯಾದಳು. ಪೊಲೀಸರು ಬಂಧಿಸಿದ್ದು ತಂದೆಯನ್ನು, ವಶಪಡಿಸಿಕೊಂಡದ್ದು ಲೈಸೆನ್ಸ್ ಇದ್ದ ರಿವಾಲ್ವರ್.

ಕೊಡಗಿನ ಮಾತು ಬೇರೆ ಎನ್ನುವವರಿದ್ದಾರೆ. ಅಲ್ಲಿ ಕೈಲ್ ಮುಹೂರ್ತದಂದು ಕೋವಿಗೆ ಪೂಜೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಮಾನ್ಯ ಮಾಡಿತು. ಆ ಪರಂಪರೆಯ ಮೇಲೆ ನನಗೆ ಗೌರವವಿದೆ. ಮನೆತನದ ಮರ್ಯಾದೆಯಾದ ಕೋವಿ ಆ ಮನೆಯ ಹೆಣ್ಣಿನತ್ತ ತಿರುಗಿದರೆ, ಅಲ್ಲಿಯೂ ಅದನ್ನು ಕಿತ್ತುಕೊಳ್ಳಲೇಬೇಕು.

ನಮ್ಮ ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಂ ಪ್ರಕಾರ, ಯಾವುದೇ ಕಾರಣಕ್ಕೆ ಒಬ್ಬ ಲೈಸೆನ್ಸ್‌ಗೆ ಅನರ್ಹ ಎನಿಸಿದರೆ ಅದನ್ನು ಅಮಾನತು ಅಥವಾ ರದ್ದು ಮಾಡಬಹುದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳಲ್ಲಿ, ಮ್ಯಾಜಿಸ್ಟ್ರೇಟ್ ಲಿಖಿತ ಆದೇಶ ಕೊಟ್ಟರೆ ಸಂರಕ್ಷಣಾ ಅಧಿಕಾರಿ ಪೊಲೀಸರ ನೆರವಿನಿಂದ ಆಯುಧ ಜಪ್ತಿ ಮಾಡಿಸಬಹುದು. ಕೊರತೆ ಇರುವುದು ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನಲ್ಲಿ. ಬಂದೂಕು ಹೊಂದಬಾರದವರ ಆ ಪಟ್ಟಿಯಲ್ಲಿ ಹಿಂಸೆಯ ಅಪರಾಧಕ್ಕೆ ಜೈಲು ಶಿಕ್ಷೆಯಾದವರಿದ್ದಾರೆ. ಹೆಂಡತಿಯನ್ನು ಹೊಡೆದು ಸಂರಕ್ಷಣಾ ಆದೇಶಕ್ಕೆ ಒಳಗಾದವನಿಲ್ಲ. ಸಂಸತ್ತು ಅವನನ್ನೂ ಸೇರಿಸಬೇಕು.

ಅಲ್ಲಿಯವರೆಗೆ, ಇದನ್ನು ಓದುವ ಅಕ್ಕ-ತಂಗಿಯರಲ್ಲಿ ಒಂದು ಮಾತು. ದೂರು ಕೊಡುವಾಗ ‘ಮನೆಯಲ್ಲಿ ಬಂದೂಕಿದೆ’ ಎಂದು ಮೊದಲ ಸಾಲಿನಲ್ಲೇ ಬರೆಸಿ. ದೂರಿನ ಒಂದು ಪ್ರತಿಯನ್ನು ಕಲೆಕ್ಟರ್ ಕಚೇರಿಗೂ ಕೊಟ್ಟು, ಲೈಸೆನ್ಸ್ ಅಮಾನತು ಮಾಡಿ ಎಂದು ಕೇಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.