ನೆಲಮಟ್ಟದ ಛತ್ರಕ್ಕೆ ಬೆಂಕಿಯ ಭಯವಿಲ್ಲವೆ?

ಬಾಬುರಾಯನಕೊಪ್ಪಲಿನಂಥ ಹೆದ್ದಾರಿ ಬದಿಯ ಊರುಗಳಲ್ಲಿ ಅಗ್ನಿ ಸುರಕ್ಷತೆಯ ಮಾತೆತ್ತಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಅದೆಲ್ಲ ಬೆಂಗಳೂರಿನ ಹತ್ತಂತಸ್ತಿನವರಿಗೆ. ನಮ್ ಛತ್ರ ನೆಲದ ಮೇಲೇ ಅದೆ, ಬೆಂಕಿ ಬಿದ್ರೆ ಆಚೆಗೆ ಓಡ್ಬೋದು.’

ಇದು ಸುಳ್ಳೆಂದು ತಿಳಿಯಲು ದೂರ ಹೋಗಬೇಕಿಲ್ಲ. 1989ರ ಫೆಬ್ರುವರಿ 8ರಂದು, ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನ ಕಥೆಯನ್ನೇ ದೂರದರ್ಶನಕ್ಕೆಂದು ಚಿತ್ರೀಕರಿಸುತ್ತಿದ್ದಾಗ ಮೈಸೂರಿನ ಪ್ರೀಮಿಯರ್ ಸ್ಟುಡಿಯೊಗೆ ಬೆಂಕಿ ಬಿತ್ತು. ಸುಮಾರು 60 ಮಂದಿ ಸತ್ತರು. ನಾಯಕನೂ ನಿರ್ದೇಶಕನೂ ಆಗಿದ್ದ ಸಂಜಯ್ ಖಾನ್ ಸುಟ್ಟಗಾಯಗಳಿಂದ ವರ್ಷದಷ್ಟು ಕಾಲ ಆಸ್ಪತ್ರೆಯಲ್ಲಿದ್ದರು. ಅದು ಬಹುಮಹಡಿ ಕಟ್ಟಡವಲ್ಲ. ಅಲ್ಲಿ ಮರಳು, ನೀರಿನ ಬಕೆಟ್‌ಗಳೂ ಇದ್ದವು. ಸಡಿಲ ವೈರಿಂಗ್ ಮತ್ತು ಗಾಳಿಕಿಂಡಿಗಳ ಕೊರತೆ ಬೆಂಕಿ ಹಬ್ಬಲು ಕಾರಣವಾದವು ಎಂದು ಆಮೇಲೆ ಹೇಳಲಾಯಿತು.

ರಾಷ್ಟ್ರೀಯ ಕಟ್ಟಡ ಸಂಹಿತೆಯ (2016) ನಾಲ್ಕನೆಯ ಭಾಗ ಪೂರ್ತಿ ಬೆಂಕಿಗೇ ಮೀಸಲು. 15 ಮೀಟರ್ ಹಾಗೂ ಅದಕ್ಕಿಂತ ಎತ್ತರದವು ಅದರ ಲೆಕ್ಕದಲ್ಲಿ ಬಹುಮಹಡಿ ಕಟ್ಟಡಗಳು, ನಿಜ. ಆದರೆ ಸಂಹಿತೆ ಎತ್ತರವನ್ನಷ್ಟೇ ನೋಡುವುದಿಲ್ಲ. ಒಳಗೆ ಏನು ನಡೆಯುತ್ತದೆ ಎಂದೂ ಕೇಳುತ್ತದೆ. ಕಲ್ಯಾಣ ಮಂಟಪ, ಸಿನಿಮಾ ಮಂದಿರ, ಸಮುದಾಯ ಭವನಗಳು ‘ಜನ ಸೇರುವ ಕಟ್ಟಡ’ಗಳೆಂಬ ‘ಡಿ’ ಗುಂಪಿಗೆ ಸೇರುತ್ತವೆ. ಹೊರಹೋಗುವ ಬಾಗಿಲು ಹೊರಮುಖವಾಗಿ ತೆರೆಯಬೇಕು, ಒಳಗಿದ್ದವರು ಬೀಗದ ಕೈ ಇಲ್ಲದೆ ಅದನ್ನು ತೆರೆಯುವಂತಿರಬೇಕು ಎನ್ನುತ್ತದೆ ಸಂಹಿತೆ.

ನಮ್ಮ ಬೀಗರೂಟಗಳಲ್ಲಿ ಆಗುವುದೇನು? ನೂಕುನುಗ್ಗಲು ತಡೆಯಲು ಊಟದ ಹಾಲ್‌ನ ಬಾಗಿಲಿಗೆ ಚಿಲಕ ಹಾಕಿ, ಒಂದು ಪಂಕ್ತಿ ಏಳುವವರೆಗೆ ತೆಗೆಯುವುದಿಲ್ಲ. ಹಿಂಬಾಗಿಲಿಗೆ ಕುರ್ಚಿ, ಪಾತ್ರೆಗಳ ರಾಶಿ. ಅದರಾಚೆ ಅಡುಗೆಮನೆ, ಸಾಲಾಗಿ ಗ್ಯಾಸ್ ಸಿಲಿಂಡರ್. ನನ್ನನ್ನು ಕೇಳಿದರೆ, ಆ ಚಿಲಕವೇ ಈ ಸೀಮೆಯ ಅತಿ ದೊಡ್ಡ ಅಗ್ನಿ ಅಪಾಯ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯ ಮದುವೆ ಮಂಟಪವೊಂದರಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಶಾಮಿಯಾನ ಹೊತ್ತಿಕೊಂಡು 400ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಅದೂ ನೆಲದ ಮೇಲಿದ್ದ ಮಂಟಪವೇ. ಛತ್ರಕ್ಕೆ ಮುಂಗಡ ಕೊಡುವ ಮೊದಲು ಹಿಂಬಾಗಿಲು ತೆಗೆಸಿ ನೋಡಿ. ಅಡುಗೆಯವರ ಬಗ್ಗೆ ವಿಚಾರಿಸುವಷ್ಟೇ ಸಹಜವಾಗಿ ಇದನ್ನೂ ಕೇಳಬಹುದು.

ಬೆಂಕಿಯಲ್ಲಿ ಜನ ಸುಟ್ಟೇ ಸಾಯುತ್ತಾರೆ ಎಂಬುದು ಇನ್ನೊಂದು ನಂಬಿಕೆ. ಹಲವರ ಜೀವ ತೆಗೆಯುವುದು ಹೊಗೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದು ಉಸಿರುಗಟ್ಟಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಹೊಗೆ ತಾಳಲಾರದೆ ಕೆಲವರು ಮೇಲಿನಿಂದ ಹಾರಿದರು. ಒಟ್ಟು 9 ಜನ ಸತ್ತರು. ಪ್ಲಾಸ್ಟಿಕ್, ಫೋಮ್ ಉರಿದರೆ ಬರುವ ವಿಷಾನಿಲ ಎಚ್ಚರ ತಪ್ಪಿಸಲು ಹೆಚ್ಚು ಹೊತ್ತು ಬೇಕಿಲ್ಲ. ಹೊಗೆ ಮೇಲೆ ಕವಿಯುವುದರಿಂದ ಬಗ್ಗಿ, ತೆವಳಿ ಹೊರಬರಬೇಕು. ಮೆಟ್ಟಿಲಿನ ಅಗ್ನಿನಿರೋಧಕ ಬಾಗಿಲಿಗೆ ‘ಗಾಳಿ ಬರಲಿ’ ಎಂದು ಇಟ್ಟಿಗೆ ಕೊಟ್ಟು ತೆರೆದಿಟ್ಟರೆ ಇಳಿಯುವ ದಾರಿಗೇ ಹೊಗೆ ತುಂಬುತ್ತದೆ.

ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿದರೆ ಸಾಕೆ? ಅದರ ಒತ್ತಡಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಆಗಾಗ ನೋಡಬೇಕು, ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು. ಅದು ಚಿಮ್ಮುವುದೇ ಕೆಲವು ಸೆಕೆಂಡು; ಸಣ್ಣ ಬೆಂಕಿಗಷ್ಟೇ ಅದರ ಬಲ. ಹೊತ್ತಿಕೊಂಡ ಎಣ್ಣೆ ಬಾಣಲೆಗೆ ನೀರು ಸುರಿಯಲೇಬಾರದು, ಉರಿ ಭುಗಿಲೆದ್ದು ಮೈಮೇಲೆ ಬರುತ್ತದೆ. ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು.

ಸಿನಿಮಾದಲ್ಲಿ ಒಂದು ಕಡೆ ಹೊಗೆಯಾಡಿದರೆ ಕಟ್ಟಡದ ಸ್ಪ್ರಿಂಕ್ಲರ್‌ಗಳೆಲ್ಲ ಒಟ್ಟಿಗೆ ಮಳೆಗರೆಯುತ್ತವೆ. ಆದರೆ ಸಾಮಾನ್ಯ ಸ್ಪ್ರಿಂಕ್ಲರ್ ಹೊಗೆಗೆ ತೆರೆದುಕೊಳ್ಳುವುದೇ ಇಲ್ಲ. ಪ್ರತಿಯೊಂದರ ತುದಿಯ ಗಾಜಿನ ಬುರುಡೆ ಶಾಖಕ್ಕೆ, ಕೆಂಪು ದ್ರವದ್ದಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ, ಒಡೆಯುತ್ತದೆ. ಉರಿಯ ಮೇಲಿರುವುದಷ್ಟೇ ನೀರು ಚೆಲ್ಲುತ್ತದೆ.

‘ಮೊದಲು ನಾವೇ ಆರಿಸೋಣ, ಆಗದಿದ್ರೆ ಫೋನ್ ಮಾಡೋಣ’ ಎನ್ನುವುದೂ ತಪ್ಪು. ಒಬ್ಬರು ಜನರನ್ನು ಹೊರಗೆ ಕಳಿಸುತ್ತಿರುವಾಗಲೇ ಇನ್ನೊಬ್ಬರು 112ಕ್ಕೆ ಕರೆ ಮಾಡಿ, ಉರಿಯುತ್ತಿರುವುದೇನು, ಒಳಗೆ ಎಷ್ಟು ಗ್ಯಾಸ್ ಸಿಲಿಂಡರ್ ಇವೆ ಎಂದು ತಿಳಿಸಬೇಕು. ಮೂರನೆಯವರು ಗೇಟಿಗೆ ಅಡ್ಡ ನಿಂತ ಕಾರು, ಬೈಕುಗಳನ್ನು ತೆಗೆಸಲಿ. ಅಗ್ನಿಶಾಮಕ ವಾಹನ ಒಳಬರಬೇಕಾದದ್ದು ಅದೇ ಗೇಟಿನಿಂದ.