ಒಂದು ಮೊಳೆ, ಹತ್ತಡಿ ಪಟ್ಟಿ

ಹೋದ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಅಕ್ಕನ ಮನೆಗೆ ಹೋದಾಗ, ಗಿಡಕ್ಕೆ ನೀರು ಹಾಯಿಸುವ ಪೈಪು ಹಿತ್ತಲಿನ ಹುಲ್ಲಿನ ಮೇಲೆ ಬಿಲ್ಲಿನಂತೆ ಬಾಗಿ ಬಿದ್ದಿತ್ತು. ಸುತ್ತಿಡೋಣವೆಂದು ಕೈಹಾಕಿದೆ. ‘ಮುಟ್ಟಬೇಡ್ವೋ, ಅದು ನಮ್ಮ ಹೊಸ ಡೆಕ್ಕು’ ಎಂದಳು ಅಕ್ಕ.

ಆ ಮನೆಗೆ ಹಳೆಯದೊಂದು ಚೌಕ ಡೆಕ್ ಇತ್ತು. ಹಿಂದಿನ ಮಾಲೀಕರು ತೊಂಬತ್ತರ ದಶಕದಲ್ಲಿ ಕಟ್ಟಿಸಿದ್ದು. ಅದರ ಒಂದು ಮೂಲೆ ಮೇಪಲ್ ಮರದ ಬೊಡ್ಡೆಗೆ ತಾಗುತ್ತಿತ್ತು. ಮರ ದಪ್ಪವಾದಂತೆ ಹಲಗೆಗಳು ಎದ್ದು ನಿಂತಿದ್ದವು. ಮರ ಕಡಿಯುವುದಕ್ಕೆ ಭಾವ ಸುತಾರಾಂ ಒಪ್ಪಲಿಲ್ಲ. ಹಾಗಾದರೆ ಮೂಲೆಯೇ ಬೇಡ ಎಂದ ಅಕ್ಕ ಪೈಪು ಎಳೆದು ಹಾಕಿ, ಅದರೊಳಗೆ ನಾಲ್ಕು ಕುರ್ಚಿ ಇಟ್ಟು ಒಂದು ವಾರ ಸಂಜೆಯ ಕಾಫಿಯನ್ನು ಅಲ್ಲೇ ಕುಡಿದಿದ್ದಳು. ನಕ್ಷೆ ಬಂದದ್ದು ಆಮೇಲೆ.

ಡೆಕ್ ಎಂದರೆ ಅಮೆರಿಕದ ಜಗಲಿ ಎನ್ನಬಹುದು. ಆದರೆ ನಮ್ಮ ಜಗಲಿಯ ಮುಖ ಬೀದಿಗೆ, ಹಾದುಹೋಗುವವರನ್ನು ಕರೆದು ಕೂರಿಸುವುದಕ್ಕೆ. ಡೆಕ್ಕಿನದು ಹಿತ್ತಲಿಗೆ, ಕರೆಯದವರು ಅಲ್ಲಿಗೆ ಬರುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಊರಾಚೆಯ ಬಡಾವಣೆಗಳು ಬೆಳೆದಂತೆ ಅಲ್ಲಿನ ಸಂಸಾರಗಳು ಬೀದಿಗೆ ಬೆನ್ನು ಮಾಡಿ ಕುಳಿತವು. ಅದಕ್ಕೊಂದು ಚಂದದ ರೂಪ ಕೊಟ್ಟವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಉದ್ಯಾನ ವಿನ್ಯಾಸಕಾರ ಥಾಮಸ್ ಚರ್ಚ್ ಮುಖ್ಯರು. 1948ರ ಹೊತ್ತಿಗೆ ಸೊನೋಮಾದಲ್ಲಿ ಡಾನೆಲ್ ಕುಟುಂಬಕ್ಕಾಗಿ ಅವರು ಮಾಡಿದ ತೋಟದಲ್ಲಿ ಈಜುಕೊಳ ಗೋಡಂಬಿಯಂತೆ ಬಾಗಿದೆ. ರೆಡ್‌ವುಡ್ ಮರದ ಡೆಕ್ ಓಕ್ ಮರಗಳನ್ನು ಕಡಿಯದೆ, ಅವುಗಳ ಬೊಡ್ಡೆಗೆ ಜಾಗ ಬಿಟ್ಟು ಹಾಸಿಕೊಂಡಿದೆ. ಚರ್ಚ್ 1937ರಲ್ಲಿ ಫಿನ್ಲೆಂಡಿಗೆ ಹೋಗಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರನ್ನು ಕಂಡಿದ್ದರು. ಆಲ್ಟೊ ಕಟ್ಟಿದ ವಿಲ್ಲಾ ಮೈರಿಯಾದಲ್ಲೂ ಅಂಥದೇ ಬಾಗಿದ ಕೊಳವಿದೆ. ಚರ್ಚ್ ಅವರ ಕಚೇರಿಯಲ್ಲಿ ಡಾನೆಲ್ ತೋಟಕ್ಕೆ ದುಡಿದ ಲಾರೆನ್ಸ್ ಹಾಲ್ಪ್ರಿನ್, ಕೆಲವೇ ವರ್ಷಗಳಲ್ಲಿ ತಮ್ಮ ಹೆಂಡತಿ, ನೃತ್ಯಗಾರ್ತಿ ಆನಾ ಅವರಿಗಾಗಿ ಮನೆಯ ಕೆಳಗಿನ ಇಳಿಜಾರಿನಲ್ಲಿ ಮರಗಳ ನಡುವೆ ಕುಣಿಯಲು ಡೆಕ್ಕೊಂದನ್ನು ಕಟ್ಟಿಸಿದರು. ಮರ ಇದ್ದಲ್ಲೇ ಇರಲಿ, ಹಲಗೆ ಬಳಸಿಕೊಂಡು ಹೋಗಲಿ ಎಂಬುದು ಅಕ್ಕನ ತಲೆಯಲ್ಲಿ ಹೊಳೆದ ಹೊಸ ವಿಚಾರವೇನಲ್ಲ. ಅವಳಿಗೆ ಹೇಳಲಿಲ್ಲ, ಬಿಡಿ.

ಹಳೆಯ ಡೆಕ್ ಕಿತ್ತ ದಿನ ಸಣ್ಣ ಜಗಳವೇ ಆಯಿತು. ರಾಶಿ ಬಿದ್ದ ತುಂಡುಗಳನ್ನು ಕಂಡ ಅಕ್ಕನಿಗೆ ಊರಿನ ಬಚ್ಚಲೊಲೆ ನೆನಪಾಯಿತು. ಹಿತ್ತಲಲ್ಲೇ ಬೆಂಕಿ ಹಾಕಿ ಮುಗಿಸೋಣ ಎಂದಳು. ಅರವತ್ತು ದಾಟಿದ ಬಡಗಿ ಕೈ ಅಡ್ಡ ಹಿಡಿದ. ಒಂದು ತುಂಡಿನ ತುದಿ ಕೊಯ್ದು ತೋರಿಸಿದ: ಒಳಗೆಲ್ಲ ಮಾಸಲು ಹಸಿರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿದ ಮರ ಅದು. ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ವಿಷ.

ಈ ಔಷಧದ ಹುಟ್ಟೂರು ಯಾವುದು ಎಂಬುದು ಬಡಗಿಗೆ ಗೊತ್ತಿರಲಿಲ್ಲ. ನಮ್ಮ ಡೆಹ್ರಾಡೂನ್! ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ 1933ರಲ್ಲಿ, ಗೆದ್ದಲು ಮತ್ತು ಬೂಷ್ಟಿನಿಂದ ಮರವನ್ನು ಉಳಿಸಲು ಈ ಮಿಶ್ರಣ ಕಂಡುಹಿಡಿದರು. 1938ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅಗ್ಗದ ಪೈನ್ ಮರ ಮಳೆ, ಹಿಮ, ಗೆದ್ದಲು ತಡೆದುಕೊಂಡು ದಶಕಗಟ್ಟಲೆ ನಿಲ್ಲುವಂತಾದದ್ದು ಇದರಿಂದ. ರೆಡ್‌ವುಡ್ ಕೊಳ್ಳಲಾಗದವರ ಹಿತ್ತಲಿಗೂ ಡೆಕ್ ಬಂದದ್ದು ಹೀಗೆ. ಆರ್ಸೆನಿಕ್ ಮಕ್ಕಳ ಕೈಗೆ ಹತ್ತುತ್ತದೆಂಬ ಆತಂಕ ಎದ್ದು, 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ಅಲ್ಲಿ ನಿಂತಿತು. ಈಗಿನದು ಆರ್ಸೆನಿಕ್ ಇಲ್ಲದ, ತಾಮ್ರ ಹೆಚ್ಚಿರುವ ಔಷಧ. ಅದು ಸಾಧಾರಣ ಮೊಳೆಯನ್ನು ಬೇಗ ತಿಂದುಹಾಕುತ್ತದೆ. ದಪ್ಪ ಸತುವಿನ ಲೇಪದ್ದೋ ಸ್ಟೇನ್‌ಲೆಸ್ ಸ್ಟೀಲಿನದೋ ಬೇಕು.

ಇನ್ನು ಬಾಗು. ನಾನು ಮರವನ್ನೇ ಬಗ್ಗಿಸುತ್ತಾರೆ ಅಂದುಕೊಂಡಿದ್ದೆ. ಅಡಿಯಲ್ಲಿ ಒಂದೂ ಬಾಗಿದ ತುಂಡಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುವ ಮಣ್ಣಿನ ಪದರ ದಾಟಿ, ಮೂರಡಿಗೂ ಕೆಳಗೆ ಪಾಯ. ಅದರ ಮೇಲೆ ನಾಲ್ಕು ಕಂಬ. ಕಂಬದಿಂದ ಕಂಬಕ್ಕೆ ಮೂರು ನೇರ ತೊಲೆ, ಒಂದಕ್ಕೊಂದು ಕೋನವಾಗಿ, ಬಾಗಿನ ಹಿಂದೆ ಹಿಂದೆಯೇ. ಗೋಡೆಗೆ ಬೋಲ್ಟು ಹಾಕಿದ ಪಟ್ಟಿಯಿಂದ ಹೊರಟು ತೊಲೆಯ ಮೇಲೆ ಹಾಯುವ ಜಂತೆಗಳು ಹದಿನಾರು ಇಂಚಿಗೊಂದು. ಇವನ್ನು ಬೇಕಾದ್ದಕ್ಕಿಂತ ಉದ್ದವಾಗಿಯೇ ಬಿಟ್ಟಿದ್ದರು. ನೋಡಲು ಹಲ್ಲು ಮುರಿದ ಬಾಚಣಿಗೆಯ ಹಾಗಿತ್ತು.

ಆಮೇಲಿನ ಅರ್ಧ ಗಂಟೆಗೆ ನಾನು ಮೊಬೈಲು ಮುಟ್ಟಲಿಲ್ಲ. ಡೆಕ್ಕಿನ ಅಗಲ 16 ಅಡಿ. ಪಕ್ಕಗಳು ಗೋಡೆಯಿಂದ 6 ಅಡಿ, ನಡುಭಾಗ 10 ಅಡಿ. ಬಡಗಿ ಗೋಡೆಯ ಪಟ್ಟಿಯ ನಟ್ಟನಡುವೆ ಒಂದು ಮೊಳೆ ಹೊಡೆದ. ಅದಕ್ಕೆ ಸರಿಯಾಗಿ ಹತ್ತಡಿಯ ತೆಳು ಪಟ್ಟಿ ಸಿಕ್ಕಿಸಿ, ಆ ತುದಿಗೆ ಪೆನ್ಸಿಲ್ ಹಿಡಿದು, ಜಂತೆಗಳ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದುಕೊಂಡು ಹೋದ. ಎರಡೂ ಮೂಲೆಗೆ ಗೆರೆ ಕರಾರುವಾಕ್ಕಾಗಿ ಬಂದು ಕೂತಿತು. ಲೆಕ್ಕ ಹಾಕಿದೆ: ನಡುವಿನಿಂದ ಪಕ್ಕಕ್ಕೆ 8, ಗೋಡೆಯಿಂದ ಮುಂದಕ್ಕೆ 6, ಓರೆಗೆ 10. ನಮ್ಮ ಗಾರೆ ಮೇಸ್ತ್ರಿಗಳು ಪಾಯದ ಮೂಲೆ ನೋಡಲು ದಾರ ಹಿಡಿಯುವ ಮೂರು-ನಾಲ್ಕು-ಐದೇ ಇದು, ದುಪ್ಪಟ್ಟಾಗಿ!

ಕೊಯ್ಯುವುದು ಅಷ್ಟು ಸಲೀಸಲ್ಲ. ನಡುವಿನ ಜಂತೆಯ ತುದಿ ನೇರ. ಪಕ್ಕಕ್ಕೆ ಹೋದಂತೆ ಪ್ರತಿಯೊಂದರ ಓರೆಯೂ ಬೇರೆ. ಸಾಮಾನ್ಯ ವಿದ್ಯುತ್ ಗರಗಸದ ಅಲಗು ಬಾಗುವುದು 45 ಡಿಗ್ರಿಯವರೆಗೆ. ಕೊನೆಯ ಜಂತೆಗೆ ಬೇಕಾದದ್ದು ಐವತ್ತರ ಮೇಲೆ. ಅಲ್ಲಿ ಕೈಗರಗಸವೇ ಗತಿ. ಆ ತುದಿಗಳಿಗೆ ಅರ್ಧ ಇಂಚಿನ ಪ್ಲೈವುಡ್ ಪಟ್ಟಿಗಳನ್ನು ಮೂರು ಪದರ ಸುತ್ತಿದರು, ಕೂಡುಗಳು ಒಂದರ ಮೇಲೊಂದು ಬಾರದಂತೆ. ಅಂಚಿನ ಉದ್ದ ಹದಿನೆಂಟೂವರೆ ಅಡಿ ಬಂತು.

ಎಡವಟ್ಟಾದದ್ದು ಕಟ್ಟಕಡೆಗೆ. ಹೊರಗೆ ಕಾಣುವ ಪಟ್ಟಿ ಪ್ಲಾಸ್ಟಿಕ್ ಮತ್ತು ಮರದ ಹೊಟ್ಟು ಬೆರೆಸಿ ಮಾಡಿದ್ದು. ತಂಪು ಬೆಳಗ್ಗೆ, ಭಾವನ ಅವಸರಕ್ಕೆ ನಾವೇ ಬಗ್ಗಿಸಲು ಹೋದೆವು. ಪಟ್ಟನೆ ಸೀಳಿತು. ಬಡಗಿ ಬಂದು ನೋಡಿ ಏನೂ ಅನ್ನಲಿಲ್ಲ. ಇನ್ನೊಂದು ಪಟ್ಟಿಯನ್ನು ಕಾರು ನಿಲ್ಲಿಸುವ ಕಪ್ಪು ಟಾರಿನ ಮೇಲೆ ಬಿಸಿಲಿಗೆ ಮಲಗಿಸಿ ಊಟಕ್ಕೆ ಹೋದ. ಮೂರು ಗಂಟೆಗೆ ಅದು ಹೇಳಿದಂತೆ ಕೇಳಿತು.

ಮೇಲೆ ಹಲಗೆ ಹಾಸಿದ ಮೇಲೆ ಮೇಪಲ್ ಬೊಡ್ಡೆಗೂ ಅಂಚಿಗೂ ನಡುವೆ ಒಂದೂವರೆ ಅಡಿ ಉಳಿದಿದೆ. ಚೌಕ ಡೆಕ್ಕಿಗಿಂತ ನಾಲ್ಕು ದಿನ ಹೆಚ್ಚು ಹಿಡಿಯಿತು, ಮರವೂ ತುಸು ಪೋಲಾಯಿತು. ಕಟಕಟೆ ಇಲ್ಲ. ಅಲ್ಲಿನ ನಿಯಮದಂತೆ ನೆಲದಿಂದ 30 ಇಂಚು ದಾಟಿದರೆ ಕಟಕಟೆ ಕಡ್ಡಾಯ. ಅಕ್ಕನ ಡೆಕ್ 28 ಇಂಚಿಗೆ ನಿಂತಿದೆ. ಬಾಗಿದ ಕಟಕಟೆಗೆ ಬಡಗಿ ಹೇಳಿದ ರೇಟು ಕೇಳಿ ಭಾವ ಎತ್ತರವನ್ನೇ ಇಳಿಸಿದ್ದರು. ಇಂಥದ್ದು ಕಟ್ಟಿಸುವ ಯೋಚನೆಯಲ್ಲಿರುವವರು ಪೈಪು ಎಳೆಯುವ ಮುಂಚೆ ಬಾಗಿಲ ಹೊಸ್ತಿಲಿಂದ ನೆಲಕ್ಕೆ ಎಷ್ಟಿದೆ ಎಂದು ಅಳೆದುಕೊಳ್ಳಿ.