ಎಣಿಕೆಗೆ ಸಿಗುವ ಗಣ, ಅಳತೆಗೆ ಸಿಗದ ಸಾಮೀಪ್ಯ

ಪೂರ್ಣಾಂಕಗಳನ್ನು 0, 1, −1, 2, −2 ಎಂದು ಒಂದರ ಹಿಂದೆ ಒಂದರಂತೆ ಪಟ್ಟಿ ಮಾಡುತ್ತ ಹೋದರೆ ಯಾವುದೊಂದೂ ಹೊರಗೆ ಉಳಿಯುವುದಿಲ್ಲವಾದ್ದರಿಂದ ಅವುಗಳದ್ದು ಎಣಿಸಬಹುದಾದ ಗಣ. ಯಾವ ಎರಡು ಪೂರ್ಣಾಂಕಗಳನ್ನು ಕೂಡಿಸಿದರೂ ಕಳೆದರೂ ಪೂರ್ಣಾಂಕವೇ ಬರುವುದರಿಂದ ಅದು ಗಣಿತಜ್ಞರು ಗ್ರೂಪ್ ಎಂದು ಕರೆಯುವ ರಚನೆಯೂ ಹೌದು. ಇಂಥ ಗ್ರೂಪಿನಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂಬುದನ್ನು ನಿಶ್ಚಯಿಸುವ ಏರ್ಪಾಡೇ ಟೊಪಾಲಜಿ. ಹತ್ತಿರದ ಸಂಖ್ಯೆಗಳನ್ನು ಕೂಡಿಸಿದಾಗ, ಕಳೆದಾಗ ಹತ್ತಿರದ ಉತ್ತರಗಳೇ ಬರುವಂತೆ ಆ ಏರ್ಪಾಡು ಹೊಂದಿಕೊಂಡಿದ್ದರೆ ಅದು ಟೊಪಲಾಜಿಕಲ್ ಗ್ರೂಪ್ ಎನಿಸುತ್ತದೆ. ಸಾಮೀಪ್ಯವನ್ನು ದೂರದ ಅಳತೆಯಿಂದ ಗುರುತಿಸುವುದು ವಾಡಿಕೆ. ಆದರೆ ಸದಸ್ಯರನ್ನು ಒಂದೊಂದಾಗಿ ಎಣಿಸಿಬಿಡಬಹುದಾದ ಗ್ರೂಪಿನಲ್ಲಿಯೂ ಯಾವ ದೂರದ ಅಳತೆಗೂ ಒಗ್ಗದ ಸಾಮೀಪ್ಯವನ್ನು ಕಟ್ಟಲು ಸಾಧ್ಯವಿದೆ, ಮತ್ತು ಅದಕ್ಕೆ ಪೂರ್ಣಾಂಕಗಳಷ್ಟೇ ಸಾಕು. ಎಲ್ಲವೂ ಎಲ್ಲಕ್ಕೂ ಹತ್ತಿರ ಎಂದು ಸಾರಿಬಿಡುವ ಅಗ್ಗದ ಉಪಾಯಕ್ಕೆ ಇಲ್ಲಿ ಎಡೆಯಿಲ್ಲ. ಬೇರೆ ಬೇರೆ ಸಂಖ್ಯೆಗಳು ಬೇರೆಯಾಗಿಯೇ ಕಾಣಬೇಕೆಂಬುದು ಮೊದಲ ಷರತ್ತು.

ಕಟ್ಟುವ ಬಗೆ ಹೀಗಿದೆ. 0 ಮತ್ತು 1ರ ನಡುವಿನದಾಗಲಿ ಅದಕ್ಕೂ ದೊಡ್ಡದಾಗಲಿ, ಒಂದು ವಾಸ್ತವ ಸಂಖ್ಯೆಯನ್ನು ಪರೀಕ್ಷಕವಾಗಿ ಆರಿಸಿಕೊಂಡು, ಅದರಿಂದ ಪೂರ್ಣಾಂಕವನ್ನು ಗುಣಿಸಿ, ಬಂದ ಲಬ್ಧವು ತನ್ನ ಸಮೀಪದ ಪೂರ್ಣಾಂಕದಿಂದ ಎಷ್ಟು ಸರಿದಿದೆ ಎಂದು ನೋಡಲಾಗುತ್ತದೆ. ಈ ಅಂತರ ಚಿಕ್ಕದಾಗಿದ್ದರೆ ಆ ಪರೀಕ್ಷಕದ ಮಟ್ಟಿಗೆ ಪೂರ್ಣಾಂಕವು ಸೊನ್ನೆಗೆ ಹತ್ತಿರ. 2ರ ವರ್ಗಮೂಲವನ್ನು ಪರೀಕ್ಷಕವಾಗಿ ಇಟ್ಟುಕೊಂಡರೆ 5, 12, 29, 70 ಎಂಬ ಸಂಖ್ಯೆಗಳಿಗೆ ಅಂತರವು ಕ್ರಮವಾಗಿ ಸುಮಾರು 0.071, 0.029, 0.012, 0.005 ಆಗುತ್ತದೆ, ಆದರೆ 3ರ ವರ್ಗಮೂಲದ ಮುಂದೆ ಅದೇ 70ರ ಅಂತರ 0.244ಕ್ಕೆ ಜಿಗಿಯುತ್ತದೆ. 41 ಈ ಎರಡೂ ಪರೀಕ್ಷೆಗಳಲ್ಲಿ 0.02ಕ್ಕಿಂತ ಕಡಿಮೆ ಅಂತರದಿಂದ ಪಾರಾಗುವ ಸಂಖ್ಯೆಯಾದರೂ 5ರ ವರ್ಗಮೂಲದ ಎದುರು ಅದರ ಅಂತರ 0.32ನ್ನು ದಾಟುತ್ತದೆ. ಸೊನ್ನೆಯ ಒಂದು ನೆರೆವಲಯವೆಂದರೆ ಕೆಲವೇ ಪರೀಕ್ಷಕಗಳನ್ನೂ ಒಂದು ಮಿತಿಯನ್ನೂ ಗೊತ್ತುಮಾಡಿದಾಗ ಆ ಮಿತಿಯೊಳಗೆ ಉಳಿಯುವ ಎಲ್ಲ ಪೂರ್ಣಾಂಕಗಳ ಗಣ. ಪರೀಕ್ಷಕಗಳು ಪ್ರತಿ ಸಲವೂ ಪರಿಮಿತವಾಗಿರಬೇಕು, ಆದರೆ ಯಾವ ವಾಸ್ತವ ಸಂಖ್ಯೆಯನ್ನು ಬೇಕಾದರೂ ಆರಿಸಿಕೊಳ್ಳಬಹುದು. ಎರಡು ಪೂರ್ಣಾಂಕಗಳ ಅಂತರಗಳು ಮಿತಿಯ ಅರ್ಧದೊಳಗಿದ್ದರೆ ಮೊತ್ತದ ಅಂತರ ಮಿತಿಯೊಳಗೇ ಇರುತ್ತದಾದ್ದರಿಂದ ಕೂಡುವಿಕೆಗೆ ಧಕ್ಕೆಯಿಲ್ಲ. ಸೊನ್ನೆಯಲ್ಲದ ಯಾವ ಪೂರ್ಣಾಂಕವನ್ನು 2ರ ವರ್ಗಮೂಲದಿಂದ ಗುಣಿಸಿದರೂ ಪೂರ್ಣಾಂಕ ಬರುವುದಿಲ್ಲವಾದ್ದರಿಂದ, ಮಿತಿಯನ್ನು ಸಾಕಷ್ಟು ಬಿಗಿಗೊಳಿಸಿದರೆ ಅದನ್ನು ಸೊನ್ನೆಯಿಂದ ಬೇರ್ಪಡಿಸಬಹುದು. ಹೀಗೆ ಮೊದಲ ಷರತ್ತೂ ನೆರವೇರುತ್ತದೆ. ಇದಕ್ಕೆ ಬೋರ್ ಟೊಪಾಲಜಿ ಎಂದು ಹೆಸರು. ಈ ಹೆಸರಿಗೆ ಕಾರಣರಾದ, 1920ರ ದಶಕದಲ್ಲಿ ಬಹುತೇಕ ಆವರ್ತಕ ಫಲನಗಳ ಸಿದ್ಧಾಂತವನ್ನು ರೂಪಿಸಿದ ಡೆನ್ಮಾರ್ಕಿನ ಹರಾಲ್ಡ್ ಬೋರ್, ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ತಮ್ಮ.

ಇಲ್ಲಿ ಒಂದು ಸಂದೇಹ ಸಹಜ: ಪರೀಕ್ಷಕಗಳನ್ನು ಹೆಚ್ಚಿಸಿದಂತೆಲ್ಲ ಸೊನ್ನೆಯೊಂದೇ ಉಳಿದು, ನೆರೆವಲಯಗಳೆಲ್ಲ ಬರಿದಾಗಿಬಿಡುವುದಿಲ್ಲವೇ? ಹಾಗಾದರೆ ಪ್ರತಿ ಸಂಖ್ಯೆಯೂ ಒಂಟಿಯಾಗಿ, ಯಾವುದೇ ಎರಡರ ನಡುವೆ ದೂರ 1 ಎಂಬ ಸಪ್ಪೆ ಅಳತೆಯೇ ಸಾಕಾಗುತ್ತಿತ್ತು. ಹಾಗಾಗದಂತೆ ಕಾಯುವುದು ಜರ್ಮನ್ ಗಣಿತಜ್ಞ ಡಿರಿಕ್ಲೆ ಅವರ ಹೆಸರಿನ ಪ್ರಮೇಯ. ಎರಡು ಪರೀಕ್ಷಕಗಳಿವೆ, ಮಿತಿ ಹತ್ತನೆಯ ಒಂದು ಭಾಗ ಎಂದಿಟ್ಟುಕೊಂಡರೆ, ಲಬ್ಧಗಳ ದಶಮಾಂಶ ಭಾಗವನ್ನು ಹತ್ತು ಹತ್ತು ತುಂಡುಗಳಾಗಿ ವಿಂಗಡಿಸಿದಾಗ ಒಟ್ಟು 100 ಖಾನೆಗಳಾಗುತ್ತವೆ. 0ಯಿಂದ 100ರವರೆಗಿನ ಸಂಖ್ಯೆಗಳಾದರೋ 101. ಆದ್ದರಿಂದ ಯಾವುವೋ ಎರಡು ಒಂದೇ ಖಾನೆಗೆ ಬೀಳಲೇಬೇಕು, ಮತ್ತು ಆ ಎರಡರ ವ್ಯತ್ಯಾಸವು ಸೊನ್ನೆಯಲ್ಲದಿದ್ದರೂ ಎರಡೂ ಪರೀಕ್ಷೆಗಳಲ್ಲಿ ಮಿತಿಯೊಳಗೆ ನಿಲ್ಲುತ್ತದೆ. ಪರೀಕ್ಷಕಗಳು ಎಷ್ಟೇ ಇರಲಿ, ವಾದ ಇದೇ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಗಟ್ಟಿಯಾದ ಫಲ ದೊರೆಯುವ ವಾದಗಳು ಗಣಿತದಲ್ಲಿಯೂ ವಿರಳ.

ಈಗ ದೂರದ ಅಳತೆಯೊಂದು ಈ ಸಾಮೀಪ್ಯಕ್ಕೆ ಹೊಂದುತ್ತದೆ ಎಂದು ಕಲ್ಪಿಸಿಕೊಳ್ಳಬೇಕು. ಸೊನ್ನೆಯಿಂದ 1, 1/2, 1/3 ಹೀಗೆ ಕಿರಿದಾಗುವ ದೂರಗಳೊಳಗಿನ ಪ್ರತಿ ವಲಯದಿಂದಲೂ ಸೊನ್ನೆಯಲ್ಲದ ಒಂದೊಂದು ಪೂರ್ಣಾಂಕವನ್ನು ಹೆಕ್ಕಿದರೆ ಸೊನ್ನೆಯತ್ತ ಸಾಗುವ ಒಂದು ಶ್ರೇಢಿ ಸಿಗುತ್ತದೆ; ಅಂದರೆ ಯಾವ ಪರೀಕ್ಷಕವನ್ನು ಹಿಡಿದರೂ ಆ ಶ್ರೇಢಿಯ ಅಂತರಗಳು ಕೊನೆಗೆ ಸೊನ್ನೆಗಿಳಿಯಬೇಕು. 2, 4, 8, 16 ಎಂಬ ಶ್ರೇಢಿ ಈ ಪಾತ್ರಕ್ಕೆ ಒಪ್ಪುವುದಿಲ್ಲ, ಏಕೆಂದರೆ 1/3 ಎಂಬ ಪರೀಕ್ಷಕದ ಮುಂದೆ ಅದರ ಅಂತರ ಸದಾ 1/3 ಆಗಿಯೇ ಉಳಿಯುತ್ತದೆ. ಬೇರೆ ಯಾವ ಶ್ರೇಢಿಯೂ ಒಪ್ಪುವುದಿಲ್ಲ ಎಂಬುದಕ್ಕೆ ಒಂದು ಸುಂದರವಾದ ಕಾರಣವಿದೆ. ಲಬ್ಧವನ್ನು 360 ಡಿಗ್ರಿಯಿಂದ ಗುಣಿಸಿ ಬಂದ ಕೋನದ ಕೊಸೈನ್ ತೆಗೆದುಕೊಂಡರೆ, ಅಂತರ ಸೊನ್ನೆಗಿಳಿದಂತೆ ಕೊಸೈನ್ 1ರತ್ತ ಏರುತ್ತದೆ. ಆದರೆ ಪೂರ್ಣಾಂಕವೊಂದನ್ನು ಸ್ಥಿರವಾಗಿಟ್ಟು ಪರೀಕ್ಷಕವನ್ನು 0ಯಿಂದ 1ರವರೆಗೆ ಸರಿಸುತ್ತ ಹೋದರೆ ಕೋನವು ಪೂರ್ಣ ಸುತ್ತುಗಳನ್ನು ಮುಗಿಸುವುದರಿಂದ ಕೊಸೈನಿನ ಧನ ಋಣ ಬೆಲೆಗಳು ಪರಸ್ಪರ ವಜಾ ಆಗಿ ಸರಾಸರಿ ಸೊನ್ನೆಯೇ ಬರುತ್ತದೆ. ಬೆಲೆಗಳೆಲ್ಲ −1 ಮತ್ತು 1ರ ನಡುವೆಯೇ ಇರುವಾಗ, ಪ್ರತಿ ಪರೀಕ್ಷಕದಲ್ಲೂ ಅವು 1ರತ್ತ ಸಾಗಿದರೆ ಸರಾಸರಿಯೂ 1ರತ್ತ ಸಾಗಲೇಬೇಕೆಂದು ಫ್ರಾನ್ಸಿನ ಲೆಬೆಗ್ ಅವರ ಪ್ರಮೇಯ ಹೇಳುತ್ತದೆ. ಪ್ರತಿ ಹೆಜ್ಜೆಯಲ್ಲೂ ಸೊನ್ನೆಯಾಗಿರುವ ಸರಾಸರಿ 1ರತ್ತ ಹೋಗುವುದು ಅಸಂಭವವಾದ್ದರಿಂದ ಅಂಥ ಶ್ರೇಢಿಯೂ ಇಲ್ಲ, ಅದನ್ನು ಹೆಕ್ಕಿಕೊಟ್ಟ ದೂರದ ಅಳತೆಯೂ ಇಲ್ಲ.

ಈ ಫಲಕ್ಕೆ ಮೂಲ ಪರೀಕ್ಷಕಗಳ ಬಾಹುಳ್ಯ. ಪರೀಕ್ಷಕಗಳನ್ನು ಪಟ್ಟಿ ಮಾಡಲು ಬರುವಂತಿದ್ದರೆ, ಮೊದಲನೆಯದರ ಅಂತರದ ಅರ್ಧ, ಎರಡನೆಯದರ ಅಂತರದ ಕಾಲುಭಾಗ ಎಂದು ಕೂಡಿಸುತ್ತ ಹೋಗಿ ದೂರದ ಅಳತೆಯನ್ನು ಕೈಯಾರೆ ಕಟ್ಟಬಹುದಿತ್ತು. ವಾಸ್ತವ ಸಂಖ್ಯೆಗಳು ಯಾವ ಪಟ್ಟಿಗೂ ಒಳಪಡುವುದಿಲ್ಲ ಎಂಬುದನ್ನು ಕ್ಯಾಂಟರ್ ತೋರಿಸಿಕೊಟ್ಟಿದ್ದಾರೆ. ಬಿಂದುಗಳನ್ನು ಎಣಿಸಬಹುದು ಎಂದಮಾತ್ರಕ್ಕೆ ಅವುಗಳ ನೆರೆವಲಯಗಳನ್ನೂ ಎಣಿಕೆಯಲ್ಲಿ ಹಿಡಿದಿಡಬಹುದು ಎಂದಾಗುವುದಿಲ್ಲ. ಬಿಂದುಗಳನ್ನು ಬೇರ್ಪಡಿಸುವ ಟೊಪಲಾಜಿಕಲ್ ಗ್ರೂಪಿಗೆ ದೂರದ ಅಳತೆ ಒದಗಲು, ಸೊನ್ನೆಯ ಪ್ರತಿ ನೆರೆವಲಯದೊಳಗೂ ತನ್ನ ಒಂದು ಸದಸ್ಯವನ್ನಾದರೂ ಅಡಗಿಸಬಲ್ಲ ನೆರೆವಲಯಗಳ ಎಣಿಸಬಹುದಾದ ಪಟ್ಟಿ ಇರುವುದು ಅಗತ್ಯವೂ ಹೌದು, ಸಾಕೂ ಹೌದು ಎಂದು ಗ್ಯಾರೆಟ್ ಬರ್ಕಾಫ್ ಮತ್ತು ಶಿಜುವೊ ಕಾಕುತಾನಿ 1936ರಲ್ಲಿ ಸ್ವತಂತ್ರವಾಗಿ ಸಾಧಿಸಿದ ಪ್ರಮೇಯವೂ ಇದನ್ನೇ ಸ್ಪಷ್ಟಪಡಿಸುತ್ತದೆ. ಇನ್ನು ದೂರದ ಅಳತೆಯುಳ್ಳ, ಒಂಟಿ ಬಿಂದುಗಳಿಲ್ಲದ, ಎಣಿಸಬಹುದಾದ ಎಲ್ಲ ಗಣಗಳೂ ಟೊಪಾಲಜಿಯ ದೃಷ್ಟಿಯಿಂದ ಭಾಗಲಬ್ಧ ಸಂಖ್ಯೆಗಳ ಪ್ರತಿರೂಪಗಳೇ ಎಂದು ಪೋಲೆಂಡಿನ ಸಿಯರ್ಪಿನ್ಸ್ಕಿ 1920ರಲ್ಲಿ ತೋರಿಸಿದ್ದರು. ಬೋರ್ ಟೊಪಾಲಜಿಯನ್ನು ಧರಿಸಿದ ಪೂರ್ಣಾಂಕಗಳಲ್ಲಿಯೂ ಒಂಟಿ ಬಿಂದುಗಳಿಲ್ಲ, ಆದರೆ ಅವು ಆ ಪಂಕ್ತಿಗೆ ಸೇರುವುದಿಲ್ಲ.